ಹತ್ತನೆಯ ಗಂಟೆಯ ಪಾದಕ್ಕೆ ಹೊಂದುವ ಶೂ

ಮೊದಲ ವರ್ಷದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ವಾರ್ಡಿನ ಕೊನೆಯಲ್ಲಿ ಔಷಧದ ಟ್ರಾಲಿಯ ಪಕ್ಕ ನಿಂತು, ಬಲಗಾಲಿನ ಹಿಮ್ಮಡಿಯನ್ನು ಶೂವಿನಿಂದ ಅರ್ಧ ಮೇಲೆತ್ತಿ, ಯಾರೂ ನೋಡುತ್ತಿಲ್ಲವೆಂದು ತಿಳಿದು ಒಂದು ಕ್ಷಣ ಕಣ್ಣು ಮುಚ್ಚಿಕೊಂಡಿದ್ದಳು. ಪಾಳಿ ಮುಗಿಯಲು ಇನ್ನೂ ಮೂರು ಗಂಟೆ ಇತ್ತು. ಅವಳನ್ನು ವಿಶ್ರಾಂತಿ ಕೋಣೆಗೆ ಕರೆದೊಯ್ದು ಶೂ ಕಳಚಲು ಹೇಳಿದೆ. ಹಿಮ್ಮಡಿಯ ಹಿಂಭಾಗದಲ್ಲಿ ಎದ್ದಿದ್ದ ಬೊಬ್ಬೆ ಒಡೆದು, ನೀರು ಒಣಗಿ, ಬಿಳಿ ಕಾಲ್ಚೀಲ ಚರ್ಮಕ್ಕೆ ಅಂಟಿಕೊಂಡಿತ್ತು; ಸಲೈನ್ ಹಾಕಿ ನೆನೆಸಿ ಮೆಲ್ಲಗೆ ಬಿಡಿಸಬೇಕಾಯಿತು. “ಹೊಸ ಶೂ ಮೇಡಂ. ಪಳಗಿದ್ಮೇಲೆ ಸರಿಹೋಗುತ್ತೆ ಅಂದ್ರು ಅಂಗಡಿಯವರು,” ಎಂದಳು.

ಈ ಮಾತನ್ನು ನಾನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ವಿದ್ಯಾರ್ಥಿನಿಯಾಗಿದ್ದಾಗ ನಾನೂ ಅದನ್ನೇ ನಂಬಿದ್ದೆ. ನರ್ಸ್ ಆದ ಮೇಲೆ ಕಾಲು ನೋಯಲೇಬೇಕು, ಅದು ಈ ಕೆಲಸದ ಜೊತೆಗೇ ಬಂದದ್ದು ಎಂಬ ಮಾತು ಹಿರಿಯರಿಂದ ಕಿರಿಯರಿಗೆ ದಾಟುತ್ತಲೇ ಬಂದಿದೆ. ದಣಿವು ಸಹಜ, ಅದನ್ನು ಒಪ್ಪುತ್ತೇನೆ. ಆದರೆ ಬೊಬ್ಬೆ, ಆಣಿ, ಕಪ್ಪಾದ ಉಗುರು, ಬೆಳಗ್ಗೆ ಹಾಸಿಗೆಯಿಂದ ಇಳಿದೊಡನೆ ಹಿಮ್ಮಡಿಗೆ ಚುಚ್ಚುವ ನೋವು, ಇವೆಲ್ಲ ದಣಿವಲ್ಲ. ಇವುಗಳಲ್ಲಿ ಬಹಳಷ್ಟು ಹೊಂದದ ಶೂವಿನಿಂದ ಬರುವಂಥವು, ಅಥವಾ ಅದರಿಂದ ಹೆಚ್ಚಾಗುವಂಥವು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಶೂ ಆರಿಸುತ್ತಿದ್ದುದು ಬಣ್ಣ ನೋಡಿ, ತೂಕ ನೋಡಿ, ಹಾಕಿಕೊಂಡಾಗ ಬೆರಳೊತ್ತಿದರೆ ಎಷ್ಟು ಮೆತ್ತಗಿದೆ ಎಂದು ನೋಡಿ. ಎರಡು ವರ್ಷ ಹೀಗೆ ಕಳೆದ ಮೇಲೆ ಎಡಗಾಲಿನ ಹಿಮ್ಮಡಿ ನೋಯತೊಡಗಿ, ಬೆಳಗಿನ ಮೊದಲ ಹತ್ತು ಹೆಜ್ಜೆಗಳನ್ನು ಗೋಡೆ ಹಿಡಿದು ಇಡುವ ಸ್ಥಿತಿ ಬಂದಾಗಲೇ ಶೂವಿನ ಬಗ್ಗೆ ಗಂಭೀರವಾಗಿ ಯೋಚಿಸಲು ಆರಂಭಿಸಿದೆ.

ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಪ್ಲಾಂಟಾರ್ ಫ್ಯಾಸಿಯಾ ಎಂಬ ಗಟ್ಟಿ ಪಟ್ಟಿಯೊಂದಿದೆ. ಪಾದದ ಕಮಾನನ್ನು ಬಿಲ್ಲಿನ ಹೆದೆಯಂತೆ ಬಿಗಿದು ಹಿಡಿದಿರುವುದು ಅದೇ. ದಿನವಿಡೀ ಎಳೆದಾಡಿಸಿಕೊಂಡ ಆ ಪಟ್ಟಿ ರಾತ್ರಿ ಮಲಗಿದಾಗ ಬಿಗಿದುಕೊಳ್ಳುತ್ತದೆ, ಬೆಳಗ್ಗೆ ಮೈಭಾರ ಬಿದ್ದೊಡನೆ ಮತ್ತೆ ಹಿಗ್ಗುತ್ತದೆ. ಆ ಮೊದಲ ಹೆಜ್ಜೆಗಳ ನೋವಿಗೆ ಕಾರಣ ಇದು. ಒಂದು ಪಾದದಲ್ಲಿ 26 ಮೂಳೆಗಳು, 33 ಕೀಲುಗಳು, ನೂರಕ್ಕೂ ಹೆಚ್ಚು ಸ್ನಾಯು, ಸ್ನಾಯುರಜ್ಜು ಮತ್ತು ಅಸ್ಥಿರಜ್ಜುಗಳಿವೆ ಎಂದು ಅಂಗರಚನಾಶಾಸ್ತ್ರದ ತರಗತಿಯಲ್ಲಿ ನಾವೆಲ್ಲ ಓದಿ ಪರೀಕ್ಷೆ ಬರೆದಿದ್ದೇವೆ. ಆದರೆ ಶೂ ಕೊಳ್ಳಲು ಹೋದಾಗ ಅದರಲ್ಲಿ ಒಂದಂಶವೂ ನೆನಪಿಗೆ ಬರುವುದಿಲ್ಲ.

ಪಾಳಿಯ ಉದ್ದಕ್ಕೂ ಪಾದ ಒಂದೇ ಅಳತೆಯಲ್ಲಿ ಇರುವುದಿಲ್ಲ. ನಿಂತಾಗ ದೇಹದ ಭಾರಕ್ಕೆ ಕಮಾನು ಸ್ವಲ್ಪ ತಗ್ಗಿ ಪಾದ ಉದ್ದವೂ ಅಗಲವೂ ಆಗುತ್ತದೆ. ಗಂಟೆಗಳು ಕಳೆದಂತೆ ಗುರುತ್ವಾಕರ್ಷಣೆಯಿಂದ ದ್ರವ ಕೆಳಗಿಳಿದು ಊದಿಕೊಳ್ಳುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಸಂಕುಚಿಸಿ ಅಭಿಧಮನಿಗಳಲ್ಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮೂರು ನಾಲ್ಕು ಗಂಟೆ ಒಂದೇ ಕಡೆ ನಿಂತವರಿಗೆ ಆ ನೆರವೂ ಸಿಗುವುದಿಲ್ಲ, ಆದ್ದರಿಂದಲೇ ವಾರ್ಡಿನಲ್ಲಿ ಓಡಾಡಿದ ದಿನಕ್ಕಿಂತ ನಿಂತೇ ಇದ್ದ ದಿನ ಕಾಲು ಹೆಚ್ಚು ಭಾರವಾಗುವುದುಂಟು. ಬೆಳಗ್ಗೆ ಹತ್ತು ಗಂಟೆಗೆ, ವಿಶ್ರಾಂತಿ ಪಡೆದ ಪಾದಕ್ಕೆ, ಕುರ್ಚಿಯಲ್ಲಿ ಕುಳಿತು ಹಾಕಿ ನೋಡಿದ ಶೂ ಪಾಳಿಯ ಹತ್ತನೆಯ ಗಂಟೆಯ ಪಾದಕ್ಕೆ ಹೊಂದುತ್ತದೆಂದು ಭಾವಿಸುವುದೇ ನಮ್ಮ ಮೊದಲ ತಪ್ಪು. ನಾವು ಕೊಳ್ಳಬೇಕಾದದ್ದು ಆ ಹತ್ತನೆಯ ಗಂಟೆಯ ಪಾದಕ್ಕೆ.

ಆದ್ದರಿಂದ ಸಂಜೆ ಹೋಗಿ, ಸಾಧ್ಯವಾದರೆ ಪಾಳಿ ಮುಗಿಸಿ ನೇರವಾಗಿ ಹೋಗಿ, ಕೆಲಸಕ್ಕೆ ಹಾಕುವ ಕಾಲ್ಚೀಲವನ್ನೇ ಹಾಕಿಕೊಂಡು, ನಿಂತುಕೊಂಡು ಎರಡೂ ಪಾದಗಳ ಅಳತೆ ತೆಗೆಸಬೇಕು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಹೆಚ್ಚಿನವರಿಗೆ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದಿರುತ್ತದೆ. ದೊಡ್ಡದಕ್ಕೆ ಹೊಂದುವ ಅಳತೆಯನ್ನೇ ತೆಗೆದುಕೊಳ್ಳಬೇಕು. ಕೆಲವು ಅಂಗಡಿಗಳಲ್ಲಿ ಜಾರುವ ಪಟ್ಟಿಗಳುಳ್ಳ ಲೋಹದ ಅಳತೆಮಣೆ ಇರುತ್ತದೆ. ಅಮೆರಿಕದ ಚಾರ್ಲ್ಸ್ ಬ್ರ್ಯಾನಾಕ್ ಎಂಬವರು 1920ರ ದಶಕದಲ್ಲಿ ರೂಪಿಸಿದ ಈ ಸಾಧನ ಪಾದದ ಉದ್ದ, ಅಗಲಗಳ ಜೊತೆಗೆ ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಕೀಲಿನವರೆಗಿನ ದೂರವನ್ನೂ ತೋರಿಸುತ್ತದೆ. ಆ ಮೂರನೆಯ ಅಳತೆಯನ್ನು ಯಾರೂ ಕೇಳುವುದಿಲ್ಲ. ನನ್ನ ಅನುಭವದಲ್ಲಿ ಅದೇ ಬಹಳ ಮುಖ್ಯ, ಏಕೆಂದರೆ ಪಾದ ಮಡಿಯುವ ಜಾಗ ಅದು, ಶೂ ಕೂಡ ಅಲ್ಲಿಯೇ ಮಡಿಯಬೇಕು. ಒಟ್ಟು ಉದ್ದ ಒಂದೇ ಆದರೂ ಇಬ್ಬರ ಪಾದಗಳಲ್ಲಿ ಈ ಕೀಲು ಬೇರೆ ಬೇರೆ ಕಡೆ ಇರಬಹುದು, ಹಾಗಾಗಿ ಗೆಳತಿಗೆ ಹೊಂದಿದ ಶೂ ಅದೇ ಸಂಖ್ಯೆಯ ನಮಗೆ ಹೊಂದದಿರಬಹುದು.

ಸಂಖ್ಯೆಗಳ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಬ್ರಿಟಿಷ್ ಪದ್ಧತಿಯಲ್ಲಿ ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಯುರೋಪಿನ ಪದ್ಧತಿಯಲ್ಲಿ ಅದು ಸುಮಾರು 6.7 ಮಿಲಿಮೀಟರ್. ಎರಡರ ಮೆಟ್ಟಿಲುಗಳೇ ಬೇರೆಯಾಗಿರುವುದರಿಂದ ಪರಿವರ್ತನಾ ಪಟ್ಟಿಗಳು ಪೂರ್ತಿ ತಾಳೆಯಾಗುವುದಿಲ್ಲ, ತಯಾರಕರಿಂದ ತಯಾರಕರಿಗೂ ಬದಲಾಗುತ್ತವೆ. ಆನ್‌ಲೈನ್‌ನಲ್ಲಿ ತರಿಸುವವರು ಗೋಡೆಗೆ ಹಿಮ್ಮಡಿ ತಾಗಿಸಿ, ಕಾಗದದ ಮೇಲೆ ನಿಂತು, ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ ಮಿಲಿಮೀಟರಿನಲ್ಲಿ ಅಳೆದುಕೊಳ್ಳುವುದು ಒಳ್ಳೆಯದು. ಅತಿ ಉದ್ದದ ಬೆರಳು ಹೆಬ್ಬೆರಳೇ ಆಗಿರಬೇಕೆಂದಿಲ್ಲ. ಎಷ್ಟೋ ಜನರಿಗೆ ಅದು ಎರಡನೆಯ ಬೆರಳು. ಆ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು.

ಇನ್ನು ನಾನು ಬಹಳ ನೆಚ್ಚಿಕೊಂಡ ಪರೀಕ್ಷೆ. ಶೂವಿನ ಒಳಹಾಸನ್ನು ಹೊರಗೆ ಎಳೆದು ನೆಲದ ಮೇಲಿಟ್ಟು, ಹಿಮ್ಮಡಿಯನ್ನು ಅದರ ಹಿಂಬದಿಗೆ ಸರಿಯಾಗಿ ಕೂರಿಸಿ, ಪೂರ್ತಿ ಭಾರ ಬಿಟ್ಟು ನಿಲ್ಲಬೇಕು. ಪಾದದ ಅಂಚು ಒಳಹಾಸಿನ ಹೊರಗೆ ಚಾಚಿಕೊಂಡಿದ್ದರೆ, ಶೂವಿನೊಳಗೆ ಆ ಭಾಗ ಗೋಡೆಗೆ ಒತ್ತಿಕೊಂಡೇ ಇರುತ್ತದೆ ಎಂದು ಅರ್ಥ. ಬೊಬ್ಬೆ ಎದ್ದಿದ್ದ ಆ ವಿದ್ಯಾರ್ಥಿನಿಯ ಶೂವಿನ ಒಳಹಾಸನ್ನು ಅಂದೇ ತೆಗೆದು ನಿಲ್ಲಿಸಿ ನೋಡಿದೆವು. ಉದ್ದದಲ್ಲಿ ಬೇಕಾದುದಕ್ಕಿಂತ ಹೆಚ್ಚು ಜಾಗವಿತ್ತು, ಆದರೆ ಕಿರುಬೆರಳು ಪೂರ್ತಿಯಾಗಿ ಅಂಚಿನ ಹೊರಗಿತ್ತು. ಅಗಲ ಸಾಲದೆಂದು ಅವಳು ಒಂದು ಸಂಖ್ಯೆ ಹೆಚ್ಚಿನದನ್ನು ಕೊಂಡಿದ್ದಳು. ಅದರಿಂದ ಹಿಮ್ಮಡಿ ಸಡಿಲವಾಗಿ ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಉಜ್ಜಿ ಬೊಬ್ಬೆ ಎದ್ದಿತ್ತು. ಅಗಲದ ಕೊರತೆಯನ್ನು ಉದ್ದದಿಂದ ತುಂಬಲು ಬರುವುದಿಲ್ಲ. ಅಗಲ ಬೇಕಾದವರು ಅಗಲದ ಅಚ್ಚಿನಲ್ಲಿ ಮಾಡಿದ ಶೂವನ್ನೇ ಹುಡುಕಬೇಕು, ಅದಕ್ಕಾಗಿ ನಾಲ್ಕು ಅಂಗಡಿ ಹೆಚ್ಚು ಅಲೆಯಬೇಕಾಗಿ ಬಂದರೂ ಸರಿ. ಮುಂಭಾಗ ಕಿರಿದಾದ ಶೂಗಳನ್ನು ವರ್ಷಗಟ್ಟಲೆ ಹಾಕಿದವರಲ್ಲಿ ಬೆರಳುಗಳ ನಡುವಿನ ನರ ಒತ್ತಿಕೊಂಡು, ಮುಖ್ಯವಾಗಿ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ, ಉರಿ ಮತ್ತು ಜೋಮು ಕಾಣಿಸಿಕೊಳ್ಳುವುದನ್ನು ಸಹೋದ್ಯೋಗಿಗಳಲ್ಲಿಯೇ ನೋಡಿದ್ದೇನೆ.

ಅಳತೆ ಹೊಂದಿದ ಮೇಲೆ ಶೂವನ್ನು ಕೈಯಲ್ಲಿ ಹಿಡಿದು ನೋಡಬೇಕು. ಹಿಂಬದಿಯ ಬಟ್ಟಲನ್ನು ಎರಡು ಬೆರಳುಗಳ ನಡುವೆ ಅದುಮಿದರೆ ಅದು ಸುಲಭವಾಗಿ ಒಳಗೆ ಕುಸಿಯಬಾರದು; ಹಿಮ್ಮಡಿ ಒಳಕ್ಕೂ ಹೊರಕ್ಕೂ ವಾಲದಂತೆ ತಡೆಯುವುದು ಆ ಬಿಗಿ. ಆಮೇಲೆ ಮುಂತುದಿ ಮತ್ತು ಹಿಂತುದಿಗಳನ್ನು ಹಿಡಿದು ಮಡಿಸಬೇಕು. ಬೆರಳುಗಳ ಬುಡದ ಬಳಿ ಮಡಿದರೆ ಸರಿ. ನಡುವೆ, ಕಮಾನಿನ ಕೆಳಗೆ, ಮಡಿದರೆ ಆ ಶೂವಿನಲ್ಲಿ ಆಧಾರವೇ ಇಲ್ಲ. ಕೊನೆಗೆ ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ ನೋಡಬೇಕು. ಸ್ವಲ್ಪ ತಿರುಚಿಕೊಂಡರೆ ತಪ್ಪಿಲ್ಲ, ಬಟ್ಟೆಯಂತೆಯೇ ಸುತ್ತಿಕೊಂಡರೆ ಅದನ್ನು ಅಲ್ಲಿಯೇ ಬಿಟ್ಟು ಬರಬೇಕು. ಇಷ್ಟಕ್ಕೂ ಒಂದು ನಿಮಿಷ ಸಾಕು.

ಮೆತ್ತಗಿರುವುದೇ ಸುಖ ಎಂಬ ಭ್ರಮೆ ನನ್ನನ್ನು ಬಹಳ ಕಾಲ ದಾರಿ ತಪ್ಪಿಸಿತು. ಒಳಗೆ ದಪ್ಪನೆಯ ಮೆಮೊರಿ ಫೋಮ್ ಇರುವ ಶೂ ಅಂಗಡಿಯಲ್ಲಿ ಹಾಕಿದಾಗ ಹತ್ತಿಯ ಮೇಲೆ ನಿಂತಂತೆ ಆಗುತ್ತದೆ, ಆದರೆ ಗಂಟೆಗಳ ಕಾಲ ಭಾರ ಬಿದ್ದಾಗ ಆ ಫೋಮ್ ಅದುಮಿಕೊಂಡು ತೆಳುವಾಗುತ್ತದೆ. ಅಷ್ಟೇ ಅಲ್ಲ, ತೀರ ಮೆತ್ತನೆಯ ನೆಲೆಯ ಮೇಲೆ ಪಾದ ಅತ್ತಿತ್ತ ಹೊಯ್ದಾಡುವುದರಿಂದ ಅದನ್ನು ನೇರವಾಗಿ ಹಿಡಿದಿಡಲು ಕಣಕಾಲಿನ ಸುತ್ತಲಿನ ಸ್ನಾಯುಗಳು ಹೆಚ್ಚು ದುಡಿಯಬೇಕಾಗುತ್ತದೆ. ಅಟ್ಟೆಯ ನಡುಪದರವಾಗಿ ಹೆಚ್ಚಾಗಿ ಬಳಸುವುದು ಇವಿಎ ಎಂಬ ಹಗುರ ಫೋಮ್ ಅಥವಾ ಪಾಲಿಯುರೆಥೇನ್. ಇವಿಎ ಹಗುರ, ಆದರೆ ಬೇಗ ಅದುಮಿಕೊಳ್ಳುತ್ತದೆ. ಪಾಲಿಯುರೆಥೇನ್ ಭಾರ, ಆದರೆ ಆಕಾರವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಎರಡರಲ್ಲಿಯೂ ಒತ್ತಿದಾಗ ತುಸು ಬಗ್ಗಿ ಕೂಡಲೇ ಮೇಲೇಳುವ ಗುಣ ಇರಬೇಕು. ಕಮಾನಿನ ಆಧಾರವೂ ಅಷ್ಟೇ: ಅದು ಪಾದಕ್ಕೆ ತಾಗಿ ನಿಂತಿರಬೇಕು, ಕೆಳಗಿನಿಂದ ಗಂಟಿನಂತೆ ಒತ್ತಬಾರದು. ಅಂಗಡಿಯಲ್ಲಿ ಹತ್ತು ನಿಮಿಷ ನಡೆದಾಗಲೇ ಒತ್ತುವುದು ಹನ್ನೆರಡು ಗಂಟೆಯ ಪಾಳಿಯಲ್ಲಿ ಏನಾಗಬಹುದೆಂದು ಊಹಿಸಿಕೊಳ್ಳಬಹುದು. ಒದ್ದೆ ಪಾದವನ್ನು ಕಾಗದದ ಮೇಲಿಟ್ಟು ಅಚ್ಚು ನೋಡುವ ಪದ್ಧತಿಯಿಂದ ಕಮಾನು ತಗ್ಗೋ ಎತ್ತರವೋ ಎಂಬ ಸ್ಥೂಲ ಕಲ್ಪನೆ ಬರುತ್ತದೆ, ಆದರೆ ಅದನ್ನೊಂದೇ ನಂಬಿ ಶೂ ಕೊಳ್ಳಲು ಆಗುವುದಿಲ್ಲ.

ಪಾದಕ್ಕೆ ಹೊಂದಿದ್ದೆಲ್ಲ ಆಸ್ಪತ್ರೆಗೆ ಹೊಂದುವುದಿಲ್ಲ. ನಮ್ಮ ನೆಲಕ್ಕೆ ಯಾವಾಗ ಏನು ಬೀಳುತ್ತದೆ ಎಂದು ಹೇಳಲಾಗದು: ಸಾಬೂನು ನೀರು, ರಕ್ತ, ಮೂತ್ರ, ಐವಿ ದ್ರವ, ಅಲ್ಟ್ರಾಸೌಂಡ್ ಜೆಲ್. ತುರ್ತು ಕರೆ ಬಂದಾಗ ಈಗಷ್ಟೇ ಒರೆಸಿದ ನೆಲದ ಮೇಲೆಯೇ ಓಡಬೇಕಾಗುತ್ತದೆ. ಆದ್ದರಿಂದ ಅಟ್ಟೆಯನ್ನು ತಿರುಗಿಸಿ ನೋಡಬೇಕು. ದ್ರವ ಪಕ್ಕಕ್ಕೆ ಹರಿದುಹೋಗಲು ದಾರಿ ಬಿಡುವ, ಅಂಚಿನವರೆಗೂ ತೆರೆದಿರುವ ಸಣ್ಣ ಸಣ್ಣ ಗೀರುಗಳು ಅದರಲ್ಲಿರಬೇಕು. ಕೆಲಸದ ಪಾದರಕ್ಷೆಗಳಿಗಾಗಿಯೇ ಇರುವ ಐಎಸ್‌ಒ 20347 ಎಂಬ ಅಂತರರಾಷ್ಟ್ರೀಯ ಮಾನದಂಡದಡಿ ಜಾರುವಿಕೆಯ ಪರೀಕ್ಷೆಯೂ ನಡೆಯುತ್ತದೆ. ಅದರ ಹಳೆಯ ಗುರುತುಗಳಲ್ಲಿ ಎಸ್‌ಆರ್‌ಎ ಎಂದರೆ ಸಾಬೂನು ದ್ರಾವಣ ಹಾಕಿದ ಟೈಲ್ಸ್ ಮೇಲೆ, ಎಸ್‌ಆರ್‌ಬಿ ಎಂದರೆ ಗ್ಲಿಸರಿನ್ ಹಾಕಿದ ಉಕ್ಕಿನ ಹಲಗೆಯ ಮೇಲೆ, ಎಸ್‌ಆರ್‌ಸಿ ಎಂದರೆ ಎರಡರಲ್ಲಿಯೂ ತೇರ್ಗಡೆಯಾದದ್ದು. ಪರಿಷ್ಕೃತ ಆವೃತ್ತಿಯಲ್ಲಿ ಈ ಮೂರನ್ನೂ ಕೈಬಿಟ್ಟು, ಸಾಬೂನಿನ ಪರೀಕ್ಷೆಯ ಮೇಲೆ ಗ್ಲಿಸರಿನ್ ಪರೀಕ್ಷೆಯಲ್ಲಿಯೂ ಗೆದ್ದವುಗಳಿಗೆ ಎಸ್‌ಆರ್ ಎಂಬ ಒಂದೇ ಗುರುತು ಕೊಡಲಾಗುತ್ತದೆ. ‘ಜಾರುವುದಿಲ್ಲ’ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದಕ್ಕಿಂತ ಶೂವಿನ ಮೇಲಿನ ಈ ಅಕ್ಷರಗಳನ್ನು ನಾನು ಹೆಚ್ಚು ನಂಬುತ್ತೇನೆ.

ಮೇಲ್ಭಾಗ ಮುಚ್ಚಿರಬೇಕು, ದ್ರವ ಹೀರದಂತಿರಬೇಕು, ಒರೆಸಿದರೆ ಶುಚಿಯಾಗಬೇಕು. ಓಟದ ಶೂಗಳು ಪಾದಕ್ಕೆ ಬಹಳ ಹಿತವೆಂಬುದು ನಿಜ, ಎಷ್ಟೋ ನರ್ಸ್‌ಗಳು ಅವನ್ನೇ ಹಾಕುತ್ತಾರೆ. ಆದರೆ ಜಾಳಿಗೆಯಂಥ ಬಟ್ಟೆಯ ಮೇಲೆ ರಕ್ತ ಚೆಲ್ಲಿದರೆ ಅದು ನೇರವಾಗಿ ಕಾಲ್ಚೀಲಕ್ಕೆ ಇಳಿಯುತ್ತದೆ, ಕೈಜಾರಿದ ಸೂಜಿಗೂ ಆ ಬಟ್ಟೆ ತಡೆಯಾಗುವುದಿಲ್ಲ. ಅಂಥದೇ ಅಟ್ಟೆಯಿದ್ದು ಚರ್ಮದ ಅಥವಾ ಕೃತಕ ಚರ್ಮದ ಮೇಲ್ಭಾಗವಿರುವುದು ಸಿಕ್ಕರೆ ಅದನ್ನೇ ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕ್ಲಾಗ್‌ಗಳ, ಅಂದರೆ ಲೇಸಿಲ್ಲದೆ ಕಾಲು ತೂರಿಸಿಕೊಳ್ಳುವ ದಪ್ಪ ಅಟ್ಟೆಯ ಪಾದರಕ್ಷೆಗಳ, ವಿಷಯದಲ್ಲಿ ನನ್ನ ಸಹೋದ್ಯೋಗಿಗಳಲ್ಲಿಯೇ ಎರಡು ಪಕ್ಷಗಳಿವೆ. ಹಾಕುವುದು ಸುಲಭ, ತೊಳೆಯುವುದು ಸುಲಭ, ಒಂದೇ ಕಡೆ ನಿಲ್ಲುವ ಶಸ್ತ್ರಚಿಕಿತ್ಸಾ ಕೊಠಡಿಯ ಕೆಲಸಕ್ಕೆ ಅವು ಒಗ್ಗುತ್ತವೆ. ಆದರೆ ಹಿಂಬದಿ ತೆರೆದಿರುವ ಕ್ಲಾಗ್‌ನಲ್ಲಿ ನಡೆಯುವಾಗ, ಅದು ಕಳಚಿಹೋಗದಂತೆ ಬೆರಳುಗಳು ಪ್ರತಿ ಹೆಜ್ಜೆಗೂ ಬಿಗಿಹಿಡಿಯುತ್ತಿರುತ್ತವೆ, ಓಡುವಾಗ ಕಾಲು ಉಳುಕುವ ಭಯವೂ ಇದೆ. ವಾರ್ಡಿನಲ್ಲಿ ಓಡಾಡುವವರಿಗೆ, ಅದರಲ್ಲಿಯೂ ವಿದ್ಯಾರ್ಥಿಗಳಿಗೆ, ಹಿಮ್ಮಡಿಯನ್ನು ಹಿಡಿದಿಡುವ, ಲೇಸ್ ಅಥವಾ ಪಟ್ಟಿ ಇರುವ ಶೂವೇ ಸರಿ. ಮೇಲೆ ತೂತುಗಳಿರುವ ಕ್ಲಾಗ್ ಯಾವ ವಿಭಾಗಕ್ಕೂ ಬೇಡ. ರಾತ್ರಿಪಾಳಿ ಮಾಡುವವರು ಅಟ್ಟೆ ಕಿರುಗುಟ್ಟುತ್ತದೆಯೇ ಎಂದು ಅಂಗಡಿಯ ನೆಲದ ಮೇಲೆಯೇ ನಡೆದು ಕೇಳಿಸಿಕೊಂಡರೆ ನಿದ್ದೆಯಲ್ಲಿರುವ ರೋಗಿಗಳಿಗೆ ಉಪಕಾರ ಮಾಡಿದಂತೆ.

ವಿದ್ಯಾರ್ಥಿಗಳಿಗೆ ಇನ್ನೊಂದು ಕಷ್ಟವಿದೆ. ಅನೇಕ ಕಾಲೇಜುಗಳು ಬಣ್ಣವನ್ನು, ಕೆಲವೊಮ್ಮೆ ವಿನ್ಯಾಸವನ್ನೂ ಗೊತ್ತುಪಡಿಸಿರುತ್ತವೆ. ಆ ಮಿತಿಯೊಳಗೆ ಸಿಗುವ ಅಗ್ಗದ ಶೂವನ್ನು ಕ್ಲಿನಿಕಲ್ ಪೋಸ್ಟಿಂಗ್‌ನ (ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ಅವಧಿಯ) ಹಿಂದಿನ ದಿನ ಕೊಂಡು ಮರುದಿನ ಇಡೀ ಪಾಳಿ ಹಾಕಿಕೊಳ್ಳುವವರೇ ಹೆಚ್ಚು. ನಿಯಮಗಳ ಹಾಳೆಯನ್ನು ಮೊದಲು ಓದಿಕೊಂಡು, ಕನಿಷ್ಠ ಎರಡು ವಾರ ಮುಂಚೆ ಕೊಂಡು, ಮನೆಯೊಳಗೆ ದಿನಕ್ಕೆ ಒಂದು ಗಂಟೆಯಿಂದ ಆರಂಭಿಸಿ ಹಾಕಿ ನೋಡಬೇಕು. ಹೊರಗೆ ಹಾಕದಿದ್ದರೆ ಹೊಂದದಿದ್ದಾಗ ಹಿಂದಿರುಗಿಸುವ ಅವಕಾಶವೂ ಉಳಿಯುತ್ತದೆ. ಮೊದಲ ದಿನವೇ ಒಂದು ಜಾಗದಲ್ಲಿ ಉಜ್ಜುವ ಶೂ ಪಳಗುತ್ತದೆಂದು ಕಾಯಬಾರದು. ಪಳಗುವಿಕೆ ಎಂದರೆ ಚರ್ಮದ ಬಿರುಸು ಕಡಿಮೆಯಾಗುವುದು ಮಾತ್ರ, ಅಳತೆ ತಪ್ಪಿದ್ದು ಪಳಗಿ ಸರಿಯಾಗುವುದಿಲ್ಲ. ಅಳತೆ ಸರಿಯಿದ್ದೂ ಹಿಮ್ಮಡಿ ತುಸು ಜಾರುತ್ತಿದ್ದರೆ ಲೇಸ್ ಕಟ್ಟುವ ಕ್ರಮದಿಂದ ಸರಿಪಡಿಸಬಹುದು. ಮೇಲ್ತುದಿಯ ಎರಡು ತೂತುಗಳ ನಡುವೆ ಎರಡೂ ಬದಿಯಲ್ಲಿ ಲೇಸ್‌ನ ಸಣ್ಣ ಕುಣಿಕೆ ಬಿಟ್ಟು, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ, ಕೆಳಮುಖವಾಗಿ ಎಳೆದು ಕಟ್ಟಿದರೆ ಹಿಮ್ಮಡಿ ಬಟ್ಟಲಿನಲ್ಲಿ ಭದ್ರವಾಗಿ ಕೂರುತ್ತದೆ, ಬೆರಳುಗಳ ಕಡೆ ಬಿಗಿಯಾಗುವುದೂ ಇಲ್ಲ.

ಕಾಲ್ಚೀಲದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಬರಿಯ ಹತ್ತಿಯದು ಬೆವರನ್ನು ಹೀರಿ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ತೇವಗೊಂಡ ಚರ್ಮ ಬೇಗ ಬೊಬ್ಬೆ ಏಳುತ್ತದೆ. ಬೆವರನ್ನು ಹೊರಗೆ ಸಾಗಿಸುವ ಮಿಶ್ರ ನೂಲಿನದು ಉತ್ತಮ, ಚೀಲದಲ್ಲಿ ಇನ್ನೊಂದು ಜೊತೆ ಇಟ್ಟುಕೊಂಡು ಪಾಳಿಯ ನಡುವೆ ಬದಲಿಸಿದರೆ ಇನ್ನೂ ಉತ್ತಮ. ಕಾಲು ಊದುವವರಿಗೆ 15ರಿಂದ 20 ಎಂಎಂಎಚ್‌ಜಿ ಒತ್ತಡದ ಕಂಪ್ರೆಷನ್ ಕಾಲ್ಚೀಲಗಳಿಂದ ಆರಾಮ ಸಿಗುತ್ತದೆ. ಆದರೆ ಮಧುಮೇಹವಿರುವವರು, ಕಾಲಿನ ಅಪಧಮನಿಗಳ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅವನ್ನು ಹಾಕಬಾರದು. ರೋಗಿಗಳಿಗೆ ಹೇಳುವ ಈ ಮಾತನ್ನು ನಾವು ನಮಗೆ ಹೇಳಿಕೊಳ್ಳಲು ಮರೆಯುತ್ತೇವೆ. ಹಾಗೆಯೇ ಹಿಮ್ಮಡಿಯ ನೋವು ವಾರಗಟ್ಟಲೆ ಉಳಿದರೆ, ಬೆರಳುಗಳಲ್ಲಿ ಸ್ಪರ್ಶ ಕಡಿಮೆಯಾದರೆ, ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ, ಶೂ ಬದಲಿಸಿ ನೋಡೋಣವೆಂದು ಕಾಯದೆ ವೈದ್ಯರ ಬಳಿ ಹೋಗಬೇಕು. ನನ್ನ ಹಿಮ್ಮಡಿ ಕೂಡ ಒಳ್ಳೆಯ ಶೂ ಒಂದರಿಂದಲೇ ವಾಸಿಯಾಗಲಿಲ್ಲ, ಮೀನಖಂಡ ಮತ್ತು ಅಂಗಾಲನ್ನು ಹಿಗ್ಗಿಸುವ ವ್ಯಾಯಾಮವನ್ನು ತಿಂಗಳುಗಟ್ಟಲೆ ಮಾಡಬೇಕಾಯಿತು.

ಒಳ್ಳೆಯ ಶೂವಿಗೂ ಆಯುಷ್ಯವಿದೆ. ಓಟದ ಶೂಗಳನ್ನು ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರಿನೊಳಗೆ ಬದಲಿಸಲು ಹೇಳುತ್ತಾರೆ. ಪಾಳಿಗೆ ಆರು ಕಿಲೋಮೀಟರ್, ತಿಂಗಳಿಗೆ ಇಪ್ಪತ್ತು ಪಾಳಿ ಎಂದು ಲೆಕ್ಕ ಹಿಡಿದರೆ ತಿಂಗಳಿಗೆ 120 ಕಿಲೋಮೀಟರ್ ಆಗುತ್ತದೆ. ಐದಾರು ತಿಂಗಳಲ್ಲಿ ಆ ಮಿತಿ ಬಂದೇ ಬಿಡುತ್ತದೆ. ಮೇಲ್ಭಾಗ ಹೊಸದರಂತೆ ಹೊಳೆಯುತ್ತಿದ್ದರೂ ಒಳಗಿನ ಫೋಮ್ ಸತ್ತಿರಬಹುದು. ಸಾಧ್ಯವಿರುವವರು ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿದರೆ ಪ್ರತಿ ಜೊತೆಗೂ ಒಣಗಲು ಸಮಯ ಸಿಗುತ್ತದೆ. ಒದ್ದೆಯಾದಾಗ ಒಳಗೆ ಕಾಗದ ತುರುಕಿ ನೆರಳಿನಲ್ಲಿ ಒಣಗಿಸಬೇಕೇ ಹೊರತು ಹೀಟರ್ ಮುಂದೆ ಇಡಬಾರದು, ಬಿಸಿಗೆ ಅಂಟು ಬಿಡುತ್ತದೆ. ಆಸ್ಪತ್ರೆಯ ಶೂ ಮನೆಯೊಳಗೆ ಬರಬಾರದು ಎಂಬುದನ್ನು ಈ ಕೆಲಸದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಶೂ ಸವೆದಿದೆಯೇ ಎಂದು ತಿಳಿಯಲು ಅದನ್ನು ಮೇಜಿನ ಮೇಲಿಟ್ಟು ಹಿಂದಿನಿಂದ, ಕಣ್ಣಿನ ಮಟ್ಟದಲ್ಲಿ, ನೋಡುತ್ತೇನೆ. ಹಿಂಬದಿಯ ಬಟ್ಟಲು ಒಂದು ಕಡೆಗೆ ವಾಲಿದ್ದರೆ, ಅಟ್ಟೆಯ ಪಕ್ಕದಲ್ಲಿ ಸುಕ್ಕಿನಂಥ ಗೆರೆಗಳು ಮೂಡಿ ಹಾಗೆಯೇ ಉಳಿದಿದ್ದರೆ, ಹಿಮ್ಮಡಿಯ ಹೊರ ಮೂಲೆಯಲ್ಲಿ ಗೀರುಗಳು ಮಾಸಿ ನುಣ್ಣಗಾಗಿದ್ದರೆ ಅದರ ಕೆಲಸ ಮುಗಿದಿದೆ. ಕೊಂಡ ತಿಂಗಳನ್ನು ಶೂವಿನ ನಾಲಿಗೆಯ ಒಳಬದಿಯಲ್ಲಿ ಮಾರ್ಕರ್‌ನಿಂದ ಬರೆದಿಡುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೂ ಹಿಡಿಸಿದ್ದೇನೆ. ಆ ಹುಡುಗಿ ಮುಂದಿನ ಪೋಸ್ಟಿಂಗ್‌ಗೆ ಅಗಲ ಅಚ್ಚಿನ, ಮೊದಲಿನದಕ್ಕಿಂತ ಒಂದು ಸಂಖ್ಯೆ ಚಿಕ್ಕದಾದ ಶೂ ಹಾಕಿಕೊಂಡು ಬಂದಿದ್ದಳು. ಪಾಳಿಯ ಕೊನೆಯ ಗಂಟೆಯಲ್ಲಿ ಅವಳನ್ನು ಕರೆದು ನಾಲಿಗೆ ಮಗುಚಿ ನೋಡಿದೆ. ತಿಂಗಳ ಜೊತೆಗೆ ತನ್ನ ಎರಡೂ ಪಾದಗಳ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದುಕೊಂಡಿದ್ದಳು, ಎಡಕ್ಕಿಂತ ಬಲ ನಾಲ್ಕು ಹೆಚ್ಚು.